ಅಚ್ಚಾದ ಲಿಂಕ್, ಅಳಿಸಿಹೋದ ವಿಳಾಸ: ಮೈಸೂರಿನ ಒಂದು ಸಂಗೀತ ಪಾಠಪುಸ್ತಕದ ಪ್ರಕರಣ

ಮೈಸೂರಿನ ಅಗ್ರಹಾರದಲ್ಲಿ ಬಹಳ ವರ್ಷಗಳಿಂದ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿರುವ ಶಿಕ್ಷಕಿಯೊಬ್ಬರ ಮನೆಗೆ ಒಂದು ಸೋಮವಾರ ಸಂಜೆ ಪಾಠಕ್ಕೆ ಬಂದ ಒಂಬತ್ತು ಮಕ್ಕಳಲ್ಲಿ ಏಳು ಮಕ್ಕಳು ಹಿಂದಿನ ವಾರ ಹೇಳಿಕೊಟ್ಟಿದ್ದ ಜಂಟಿ ವರಸೆಯನ್ನು ಅಭ್ಯಾಸ ಮಾಡಿರಲಿಲ್ಲ. ಕೇಳಿದರೆ ಏಳು ಮಕ್ಕಳದೂ ಒಂದೇ ಉತ್ತರ: "ಮಿಸ್, ಬುಕ್ಕಲ್ಲಿರೋ ಹಾಡು ಬರ್ತಾ ಇಲ್ಲ." ಅಭ್ಯಾಸ ತಪ್ಪಿಸಿದ ಮಕ್ಕಳು ಇಂಥ ನೆಪ ಹೇಳುವುದು ಹೊಸತಲ್ಲವಾದ್ದರಿಂದ ಶಿಕ್ಷಕಿ ಮೊದಲು ನಂಬಲಿಲ್ಲ. ತಮ್ಮ ಫೋನನ್ನೇ ತೆಗೆದು, ಪುಸ್ತಕದ ಹದಿನೇಳನೆಯ ಪಾಠದ ಪಕ್ಕದಲ್ಲಿದ್ದ ಕ್ಯೂಆರ್ ಕೋಡಿನ ಮೇಲೆ ಹಿಡಿದರು. ತಮ್ಮದೇ ಕಂಠದ 'ಸಸ ರಿರಿ ಗಗ ಮಮ' ಕೇಳಿಬರಬೇಕಾಗಿದ್ದ ಜಾಗದಲ್ಲಿ ಬಿಳಿಯ ಪುಟವೊಂದು ತೆರೆದುಕೊಂಡಿತು. ನಡುವೆ ಬೂದುಬಣ್ಣದ ಮೋಡದ ಚಿತ್ರವಿತ್ತು. ಅದರ ಕೆಳಗೆ ಈ ಲಿಂಕ್ ಈಗ ಲಭ್ಯವಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು, ಅದಕ್ಕೂ ಕೆಳಗೆ ಲಾಗಿನ್ ಆಗಿ ಎನ್ನುವ ನೀಲಿ ಗುಂಡಿ ಇದ್ದವು.

ಅದೇ ವಾರದ ಬುಧವಾರ ಆ ಪುಸ್ತಕದ ಪ್ರಕಾಶಕರು ನನಗೆ ಫೋನ್ ಮಾಡಿದರು. ಸರಸ್ವತಿಪುರದ ಸುತ್ತಮುತ್ತಲಿನ ಸಣ್ಣ ಅಂಗಡಿ, ಮುದ್ರಣಾಲಯ, ಟ್ಯೂಷನ್ ಕೇಂದ್ರಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವುದು ನನ್ನ ವೃತ್ತಿ. ಈ ಪ್ರಕರಣದಲ್ಲಿ ಆರಂಭದಿಂದ ಕೊನೆಯವರೆಗೂ ನಾನು ಭಾಗಿಯಾಗಿದ್ದೆ, ಆದ್ದರಿಂದ ಇದು ಪೂರ್ತಿ ಹೊರಗಿನವನ ವರದಿಯಲ್ಲ. ಆ ಹಾಡುಗಳನ್ನು ಇಟ್ಟಿದ್ದ ಕ್ಲೌಡ್ ಸ್ಟೋರೇಜ್ ಸೇವೆಯನ್ನು, ಅಂದರೆ ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಸೇವೆಯನ್ನು, ಒದಗಿಸುತ್ತಿದ್ದು ಈಗ ಹಳೆಯ ಲಿಂಕುಗಳ ಸೌಲಭ್ಯವನ್ನು ನಿಲ್ಲಿಸಿದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥದ್ದನ್ನು ಮಾಡಿದ ಸಂಸ್ಥೆ ಅದೊಂದೇ ಅಲ್ಲ.

ಪುಸ್ತಕ ಮತ್ತು ಅದರ ಏರ್ಪಾಡು

ಪುಸ್ತಕ ಚಿಕ್ಕದು. ಸರಳೆ ವರಸೆಯಿಂದ ಆರಂಭಿಸಿ ಜಂಟಿ ವರಸೆ, ದಾಟು ವರಸೆ, ಸಪ್ತತಾಳದ ಅಲಂಕಾರಗಳನ್ನು ದಾಟಿ ಮೊದಲ ಕೆಲವು ಗೀತೆಗಳವರೆಗೆ ಒಟ್ಟು 48 ಪಾಠಗಳಿವೆ. ಇವೆಲ್ಲ ಎಲ್ಲ ಪ್ರಾರಂಭಿಕ ಪುಸ್ತಕಗಳಲ್ಲೂ ಇರುವಂಥವೇ. ಪುರಂದರದಾಸರ ಹೆಸರಿನಲ್ಲಿ ನಡೆದುಬಂದಿರುವ, ಮಾಯಾಮಾಳವಗೌಳ ರಾಗದಲ್ಲಿ ಆರಂಭವಾಗುವ ಈ ಪಾಠಕ್ರಮವನ್ನು ಅಚ್ಚು ಹಾಕಿಸಿದವರು ಮೈಸೂರಿನಲ್ಲೇ ಹಲವರಿದ್ದಾರೆ. ಇದರ ಹೊಸತನವೆಂದರೆ ಪ್ರತಿ ಪಾಠದ ಪಕ್ಕದಲ್ಲಿ ಒಂದೊಂದು ಕ್ಯೂಆರ್ ಕೋಡ್ ಇತ್ತು, ಅದರ ಹಿಂದೆ ಶಿಕ್ಷಕಿಯೇ ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಹಾಡಿದ ಧ್ವನಿಮುದ್ರಣವಿತ್ತು. ಸ್ವರಲಿಪಿಯನ್ನು ನೋಡಿ ಮಗು ಅಕ್ಷರ ಓದಬಹುದೇ ಹೊರತು ಸ್ಥಾನ ಹಿಡಿಯಲಾರದು. ಶುದ್ಧ ರಿಷಭ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಯಾವ ಕಾಗದವೂ ಹೇಳುವುದಿಲ್ಲ. ಮನೆಯಲ್ಲಿ ಸಂಗೀತ ಬಲ್ಲವರಿಲ್ಲದ ಮಕ್ಕಳಿಗೆ, ಅಂದರೆ ಈ ಪುಸ್ತಕ ಕೊಂಡವರಲ್ಲಿ ಬಹುಪಾಲು ಮಕ್ಕಳಿಗೆ, ವಾರದ ಎರಡು ಪಾಠಗಳ ನಡುವಿನ ಐದು ದಿನ ಗುರುವಿನ ಜಾಗದಲ್ಲಿದ್ದದ್ದು ಆ ಚೌಕಾಕಾರದ ಗುರುತು.

ಮುದ್ರಣಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ ಪ್ರಕಾಶಕರ ಕಚೇರಿಯ ಡಿಟಿಪಿ ಹುಡುಗ ತಾನು ಬಳಸುತ್ತಿದ್ದ ಕ್ಲೌಡ್ ಸೇವೆಯನ್ನು ಸೂಚಿಸಿದ. ಆ ಸೇವೆಯಲ್ಲಿ 'ಸಾರ್ವಜನಿಕ ಫೋಲ್ಡರ್' ಎಂಬುದೊಂದಿತ್ತು. ಅದರೊಳಗೆ ಹಾಕಿದ ಪ್ರತಿ ಫೈಲಿಗೂ ಒಂದು ಸ್ಥಿರವಾದ ವಿಳಾಸ ಸಿಗುತ್ತಿತ್ತು. ಆ ವಿಳಾಸ ತಿಳಿದ ಯಾರೇ ಆಗಲಿ, ಖಾತೆ ಇಲ್ಲದೆ, ಲಾಗಿನ್ ಇಲ್ಲದೆ, ನಡುವೆ ಬೇರೆ ಯಾವ ಪುಟವೂ ಇಲ್ಲದೆ ನೇರವಾಗಿ ಫೈಲನ್ನು ತೆರೆಯಬಹುದಾಗಿತ್ತು. 128 ಕೆಬಿಪಿಎಸ್‌ನ ಎಂಪಿ3 ಧ್ವನಿಗೆ ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ ಸಾಕು. ಸರಾಸರಿ ಮೂರೂವರೆ ನಿಮಿಷದ 48 ಪಾಠಗಳೆಂದರೆ 170 ಎಂಬಿ ಕೂಡ ಆಗುವುದಿಲ್ಲ. ಇಷ್ಟು ಸಣ್ಣ ಗಂಟನ್ನು ಇಡಲು ದುಡ್ಡು ಕೊಡಬೇಕಾಗಿಯೇ ಇರಲಿಲ್ಲ. ಆದರೂ "ಬಿಟ್ಟಿ ಕೊಟ್ಟಿದ್ದು ಯಾವತ್ತು ಕಿತ್ಕೋತಾರೋ ಹೇಳೋಕಾಗಲ್ಲ" ಎಂದು ಪ್ರಕಾಶಕರು ವಾರ್ಷಿಕ ಚಂದಾ ಕಟ್ಟಿ ಪಾವತಿ ಖಾತೆಯನ್ನೇ ತೆಗೆದುಕೊಂಡಿದ್ದರು. ಈ ಒಂದು ವಿವೇಕ ಮುಂದೆ ಅವರನ್ನು ಕಾಪಾಡಲಿಲ್ಲವಾದರೂ ದಾಖಲೆಗೆ ಸೇರಬೇಕಾದದ್ದು.

ಸಾವಿರ ಪ್ರತಿ ಅಚ್ಚಾಯಿತು. ಎರಡು ವರ್ಷಗಳಲ್ಲಿ ಸುಮಾರು ಆರುನೂರು ಪ್ರತಿ ಮೈಸೂರು, ನಂಜನಗೂಡು, ಮಂಡ್ಯ, ಶ್ರೀರಂಗಪಟ್ಟಣದ ಸಂಗೀತ ಪಾಠದ ಮನೆಗಳಿಗೆ ಹೋಯಿತು. ಉಳಿದ ನಾನೂರು ಪ್ರತಿ ಪ್ರಕಾಶಕರ ಅಟ್ಟದ ಮೇಲಿತ್ತು.

ಸಿಟ್ಟು ಹರಿದ ದಾರಿ

ಗ್ರಾಹಕರ ಅಸಮಾಧಾನದ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಸೇವೆ ಕೊಟ್ಟವರು ಮತ್ತು ಪಡೆದವರು ಎಂದು ಎರಡೇ ಕಡೆಗಳನ್ನು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ಹಾಗಿರಲಿಲ್ಲ. ಸೌಲಭ್ಯವನ್ನು ತೆಗೆದುಹಾಕಿದ ಸಂಸ್ಥೆಯ ಹೆಸರು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ಕೋಡ್ ಹಿಡಿದಾಗ ಬಂದ ಪುಟದಲ್ಲಿದ್ದ ಇಂಗ್ಲಿಷ್ ಹೆಸರು ಹೆಚ್ಚಿನ ತಂದೆತಾಯಂದಿರಿಗೆ ಏನನ್ನೂ ಹೇಳಲಿಲ್ಲ. ಅವರಿಗೆ ಗೊತ್ತಿದ್ದ ಮುಖ ಶಿಕ್ಷಕಿಯದು, ಗೊತ್ತಿದ್ದ ಫೋನ್ ನಂಬರ್ ಪುಸ್ತಕದ ಹಿಂಬದಿಯಲ್ಲಿದ್ದ ಪ್ರಕಾಶಕರದು. ಹೀಗಾಗಿ ಸಿಟ್ಟೆಲ್ಲ ಹತ್ತಿರ ಇದ್ದವರ ಮೇಲೆ ಹರಿಯಿತು.

ಮೊದಲ ನಾಲ್ಕು ದಿನಗಳಲ್ಲಿ ಬಂದ ಕರೆಗಳನ್ನು ಪ್ರಕಾಶಕರು ತಮ್ಮ ರಸೀದಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಅದನ್ನು ನಾನು ನೋಡಿದ್ದೇನೆ. ಅರ್ಧದಷ್ಟು ಮಂದಿ ತಮ್ಮ ಫೋನೇ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೋಗಿ ಬಂದಿದ್ದರು. ಒಬ್ಬ ತಂದೆ ಇಂಟರ್‌ನೆಟ್ ಪ್ಯಾಕ್ ಮುಗಿದಿರಬೇಕೆಂದು ಮತ್ತೆ ರೀಚಾರ್ಜ್ ಮಾಡಿಸಿದ್ದರು. ಮಂಡ್ಯದ ಒಬ್ಬ ಅಜ್ಜಿ, ಮೊಮ್ಮಗಳ ಸಂಗೀತದ ಜೂನಿಯರ್ ಪರೀಕ್ಷೆ ಹತ್ತಿರವಿದ್ದುದರಿಂದ, ಕೋಡಿನ ಮೇಲೆ ಎಣ್ಣೆ ಕೈ ತಗುಲಿ ಹಾಳಾಗಿರಬೇಕೆಂದು ಭಾವಿಸಿ ಇನ್ನೊಂದು ಪ್ರತಿಯನ್ನೇ ಕೊಂಡು ತಂದು, ಅದೂ ಹಾಡದಿದ್ದಾಗ ಕರೆ ಮಾಡಿದ್ದರು. ಅವರು ಬೈಯಲಿಲ್ಲ. "ಪುಸ್ತಕದ್ದು ದೋಷ ಅಲ್ಲ ಅಂದ್ರೆ ಯಾರದಪ್ಪಾ?" ಎಂದಷ್ಟೇ ಕೇಳಿದರಂತೆ. ಪ್ರಕಾಶಕರಿಗೆ ಉಳಿದೆಲ್ಲ ಬೈಗುಳಗಳಿಗಿಂತ ಹೆಚ್ಚು ನೋವಾದದ್ದು ಈ ಕರೆಯಿಂದ.

ಆ ಅಜ್ಜಿಯ ಊಹೆ ಅಷ್ಟೇನೂ ತಪ್ಪಲ್ಲ, ಆದರೆ ಕ್ಯೂಆರ್ ಕೋಡಿಗೆ ಎಣ್ಣೆಯ ಕಲೆ ದೊಡ್ಡ ಸಂಗತಿಯಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ವಾಹನಗಳ ಬಿಡಿಭಾಗಗಳನ್ನು ಗುರುತಿಸಲೆಂದು ರೂಪುಗೊಂಡ ಈ ಗುರುತನ್ನು ಕಾರ್ಖಾನೆಯ ಕೊಳೆಯಲ್ಲೂ ಓದಬೇಕಾಗಿದ್ದುದರಿಂದ ಅದರೊಳಗೇ ದೋಷ ತಿದ್ದಿಕೊಳ್ಳುವ ಏರ್ಪಾಡಿದೆ. ನಾಲ್ಕು ಹಂತಗಳಲ್ಲಿ ಕ್ರಮವಾಗಿ ಸುಮಾರು ಶೇ. 7, 15, 25 ಮತ್ತು 30ರಷ್ಟು ಭಾಗ ಹಾಳಾದರೂ ಅದನ್ನು ಓದಬಹುದು. ನಮ್ಮ ಪುಸ್ತಕದಲ್ಲಿ ಬಳಸಿದ್ದು ಕೊನೆಯ ಹಂತ. ಮಗು ಸಾಂಬಾರಿನ ಬೆರಳಿನಿಂದ ಮುಟ್ಟಿದರೂ ಅಂಚು ಹರಿದರೂ ಕೆಲಸ ಮಾಡುವ ಹಾಗೆ ಅದನ್ನು ಅಚ್ಚು ಹಾಕಿಸಲಾಗಿತ್ತು. ಗುರುತು ಗಟ್ಟಿಯಾಗಿಯೇ ಇತ್ತು. ಅದು ಕೈತೋರುತ್ತಿದ್ದ ಕಡೆ ಮನೆ ಇರಲಿಲ್ಲ.

ಇನ್ನೊಂದು ಬಗೆಯ ಅಸಮಾಧಾನ ನಾನು ನಿರೀಕ್ಷಿಸದೆ ಇದ್ದದ್ದು. ಲಾಗಿನ್ ಆಗಿ ಎಂಬ ನೀಲಿ ಗುಂಡಿ ಒತ್ತಿದವರಿಗೆ ಹೊಸ ಖಾತೆ ತೆರೆಯುವ ಪುಟವೂ, ಅದರ ಪಕ್ಕದಲ್ಲೇ ತಿಂಗಳ ಚಂದಾ ದರಗಳೂ ಕಾಣುತ್ತಿದ್ದವು. ಇದನ್ನು ಕಂಡ ಕೆಲವು ಪೋಷಕರು, ಪುಸ್ತಕಕ್ಕೆ ಒಮ್ಮೆ ದುಡ್ಡು ಪಡೆದ ಮೇಲೆ ಈಗ ಹಾಡಿಗೆ ಬೇರೆ ದುಡ್ಡು ಕೇಳುತ್ತಿದ್ದಾರೆ ಎಂದು ತಿಳಿದುಕೊಂಡರು. ಶಿಕ್ಷಕಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹಾಗೆಂದು ಬರೆದೂಬಿಟ್ಟರು. ಇಪ್ಪತ್ತು ಮಕ್ಕಳಿಗೆ ಪಾಠ ಹೇಳಿ ಬದುಕುವ ಹೆಣ್ಣುಮಗಳಿಗೆ ಇದಕ್ಕಿಂತ ಕೆಟ್ಟ ಮಾತು ಬೇಕಿರಲಿಲ್ಲ. ಎರಡು ಮಕ್ಕಳು ಪಾಠ ಬಿಟ್ಟರು. ಅದು ಈ ಕಾರಣಕ್ಕೋ ಬೇರೆ ಕಾರಣಕ್ಕೋ ಎಂದು ನಾನು ಹೇಳಲಾರೆ, ಶಿಕ್ಷಕಿ ಮಾತ್ರ ಇದಕ್ಕೇ ಎಂದು ನಂಬಿದ್ದಾರೆ.

ಓದದ ಪತ್ರ

ಸಂಸ್ಥೆ ಮುನ್ಸೂಚನೆ ಕೊಟ್ಟಿರಲಿಲ್ಲವೇ ಎಂದರೆ, ಕೊಟ್ಟಿತ್ತು. ತೊಂಬತ್ತು ದಿನ ಮೊದಲು ಒಂದು, ಮೂವತ್ತು ದಿನ ಮೊದಲು ಇನ್ನೊಂದು ಇಮೇಲ್ ಬಂದಿತ್ತು. ಖಾತೆ ತೆರೆದದ್ದು ಡಿಟಿಪಿ ಹುಡುಗನ ಇಮೇಲ್ ವಿಳಾಸದಿಂದ, ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಒಂದೂವರೆ ವರ್ಷವಾಗಿತ್ತು. ನಾವು ಕೇಳಿದ ಮೇಲೆ ಅವನು ಹುಡುಕಿ, ಎರಡೂ ಪತ್ರಗಳನ್ನು ಪ್ರಚಾರದ ಇಮೇಲ್‌ಗಳ ರಾಶಿಯಿಂದ ಹೆಕ್ಕಿ ಕಳುಹಿಸಿದ. ತಪ್ಪಿನ ಒಂದು ಪಾಲು ಇಲ್ಲಿ ಪ್ರಕಾಶಕರದೇ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಣ್ಣ ಕಚೇರಿಗಳಲ್ಲಿ ವಿದ್ಯುತ್ ಬಿಲ್ಲಿನ ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಡಿಜಿಟಲ್ ಖಾತೆಗಳು ಮಾತ್ರ ಬಿಟ್ಟುಹೋದ ಹುಡುಗರ ಹೆಸರಿನಲ್ಲಿರುತ್ತವೆ.

ಆದರೂ ಆ ಪತ್ರಗಳನ್ನು ಓದಿದಾಗ ನನಗೆ ಅನಿಸಿದ್ದೆಂದರೆ, ಸರಿಯಾದ ಕೈಗೆ ಸೇರಿದ್ದರೂ ಇವು ಹೆಚ್ಚಿನ ಉಪಯೋಗಕ್ಕೆ ಬರುತ್ತಿರಲಿಲ್ಲ. ವಿಷಯದ ಸಾಲಿನಲ್ಲಿ ಸೌಲಭ್ಯವನ್ನು ತೆಗೆಯುತ್ತಿದ್ದೇವೆ ಎಂಬ ಮಾತೇ ಇರಲಿಲ್ಲ. ಫೈಲ್ ಹಂಚಿಕೆಯನ್ನು ಇನ್ನಷ್ಟು ಸರಳವೂ ಸುರಕ್ಷಿತವೂ ಆಗಿಸುತ್ತಿದ್ದೇವೆ ಎಂಬ ಸಂಭ್ರಮವಿತ್ತು. ಮೊದಲ ಮೂರು ಪ್ಯಾರಾಗಳಲ್ಲಿ ಹೊಸ ಹಂಚಿಕೆ ವಿಧಾನದ ಗುಣಗಾನ ಮಾಡಿ, ನಾಲ್ಕನೆಯ ಪ್ಯಾರಾದ ಕೊನೆಯ ಸಾಲಿನಲ್ಲಿ, ಸಾರ್ವಜನಿಕ ಫೋಲ್ಡರ್ ಇನ್ನು ಮುಂದೆ ಸಾಮಾನ್ಯ ಫೋಲ್ಡರ್ ಆಗಲಿದೆ ಎಂದಿತ್ತು. ಹಳೆಯ ವಿಳಾಸಗಳೆಲ್ಲ ಅಂದೇ ಸಾಯುತ್ತವೆ ಎಂಬುದನ್ನು ಆ ಸಾಲಿನಿಂದ ಓದುಗನೇ ಊಹಿಸಿಕೊಳ್ಳಬೇಕಿತ್ತು. ಸಾವಿನ ಸುದ್ದಿಯನ್ನು ಮದುವೆ ಕರೆಯೋಲೆಯಲ್ಲಿ ಸೇರಿಸಿ ಕಳುಹಿಸಿದ ಹಾಗೆ.

ಸಹಾಯ ವಿಭಾಗದೊಡನೆ ನಡೆದ ಮಾತುಕತೆ

ಬುಧವಾರ ಸಂಜೆ ನಾನೂ ಪ್ರಕಾಶಕರೂ ಒಟ್ಟಿಗೆ ಕುಳಿತು ಸಂಸ್ಥೆಯ ಸಹಾಯ ವಿಭಾಗಕ್ಕೆ ದೂರು ಬರೆದೆವು. ಮೊದಲ ಉತ್ತರ ಯಂತ್ರದ್ದು. ಎರಡನೆಯ ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರಿತ್ತು, ಆದರೆ ಬರಹ ಯಂತ್ರದ್ದೇ. ನಿಮ್ಮ ಎಲ್ಲ ಫೈಲುಗಳೂ ಸುರಕ್ಷಿತವಾಗಿವೆ, ಚಿಂತಿಸಬೇಕಾಗಿಲ್ಲ ಎಂದು ಅದು ಸಮಾಧಾನ ಹೇಳಿತು. ಪ್ರಕಾಶಕರು ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದೆ.

"ಫೈಲ್ ಸುರಕ್ಷಿತವಾಗಿದೆ ಅಂತ ನನಗೂ ಗೊತ್ತು. ನನ್ನ ಕಂಪ್ಯೂಟರಲ್ಲೂ ಇದೆ, ಪೆನ್ ಡ್ರೈವಲ್ಲೂ ಇದೆ. ನಾನು ಕೇಳ್ತಿರೋದು ಫೈಲಲ್ಲ. ಆರುನೂರು ಮನೇಲಿ ಅಚ್ಚಾಗಿ ಕೂತಿದೆಯಲ್ಲ, ಆ ವಿಳಾಸ."

ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಆ ಮಾತಿನಲ್ಲಿದೆ. ಸಂಸ್ಥೆ ತಾನು ಮಾರುತ್ತಿರುವುದು ಜಾಗ ಎಂದು ತಿಳಿದಿತ್ತು. ಜಾಗದಲ್ಲಿದ್ದ ಸಾಮಾನು ಹಾಗೆಯೇ ಇರುವುದರಿಂದ ನಷ್ಟವೇನೂ ಆಗಿಲ್ಲ ಎಂಬುದು ಅದರ ಪ್ರಾಮಾಣಿಕ ನಂಬಿಕೆಯಾಗಿತ್ತು. ಗ್ರಾಹಕರು ಕೊಂಡದ್ದು ವಿಳಾಸವನ್ನು. ಫೈಲನ್ನು ಒಬ್ಬನೇ ಇಟ್ಟುಕೊಳ್ಳಬಹುದು, ವಿಳಾಸವನ್ನು ಇನ್ನೊಬ್ಬರಿಗೆ ಕೊಟ್ಟಾಗಲೇ ಅದು ವಿಳಾಸ. ಕೊಟ್ಟ ಮೇಲೆ ಅದು ಕೊಟ್ಟವನ ಕೈಯಲ್ಲಿರುವುದಿಲ್ಲ. ಹೊಸ ವಿಧಾನದಲ್ಲಿ ಪ್ರತಿ ಫೈಲಿಗೂ ಹೊಸ ಲಿಂಕ್ ಮಾಡಿಕೊಳ್ಳುವುದು ಅರ್ಧ ಗಂಟೆಯ ಕೆಲಸ ಎಂದು ಸಂಸ್ಥೆ ಹೇಳಿದ್ದು ನಿಜ. ಆ 48 ಹೊಸ ಲಿಂಕುಗಳನ್ನು ಆರುನೂರು ಮನೆಗಳಿಗೆ ಮುಟ್ಟಿಸುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಈ ಸೌಲಭ್ಯವನ್ನು ಬಹಳ ಕಡಿಮೆ ಬಳಕೆದಾರರು ಉಪಯೋಗಿಸುತ್ತಿದ್ದರು ಎಂದೂ ಆ ಪತ್ರದಲ್ಲಿತ್ತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ನಮ್ಮ ಪ್ರಕಾಶಕರು ಒಬ್ಬ ಬಳಕೆದಾರ. ಕೋಡ್ ಹಿಡಿದು ಹಾಡು ಕೇಳುತ್ತಿದ್ದ ಮಕ್ಕಳಿಗೆ ಖಾತೆಯೇ ಇರಲಿಲ್ಲವಾದ್ದರಿಂದ ಅವರು ಲೆಕ್ಕಕ್ಕೆ ಬರಲಿಲ್ಲ. ಖಾತೆ ಬೇಡ ಎಂಬುದೇ ಆ ಸೌಲಭ್ಯದ ಗುಣವಾಗಿದ್ದಾಗ, ಖಾತೆಗಳನ್ನು ಎಣಿಸಿ ಅದರ ಬಳಕೆಯನ್ನು ಅಳೆದದ್ದು, ಊರ ಬಾವಿಯಿಂದ ನೀರು ಸೇದುವವರನ್ನು ಬಾವಿ ತೋಡಿಸಿದವರ ಸಂಖ್ಯೆಯಿಂದ ಎಣಿಸಿದಂತಾಯಿತು.

ನಾವು ಮೂರು ಬೇಡಿಕೆಗಳನ್ನು ಇಟ್ಟೆವು. ಹಳೆಯ ವಿಳಾಸಕ್ಕೆ ಬಂದವರನ್ನು ಒಂದು ವರ್ಷದ ಮಟ್ಟಿಗಾದರೂ ಹೊಸ ವಿಳಾಸಕ್ಕೆ ತಾನಾಗಿಯೇ ಕಳುಹಿಸಬೇಕು ಎಂಬುದು ಮೊದಲನೆಯದು. ಅದು ಆಗದಿದ್ದರೆ, ಆ ಬಿಳಿ ಪುಟದಲ್ಲಿ ಖಾತೆದಾರರು ತಮ್ಮದೇ ಒಂದು ಸಾಲನ್ನು, ಬೇಕಾದ ಭಾಷೆಯಲ್ಲಿ, ಒಂದು ಫೋನ್ ನಂಬರಿನೊಡನೆ ಬರೆದುಕೊಳ್ಳಲು ಅವಕಾಶ ಕೊಡಬೇಕು. ಅದೂ ಆಗದಿದ್ದರೆ ಕನಿಷ್ಠ ಆ ನೀಲಿ ಗುಂಡಿಯನ್ನಾದರೂ ತೆಗೆಯಬೇಕು. ಸಯ್ಯಾಜಿರಾವ್ ರಸ್ತೆಯಲ್ಲಿ ಬಾಡಿಗೆ ಅಂಗಡಿ ಬಿಟ್ಟು ಹೋದವನು ಕೂಡ 'ಅಂಗಡಿ ಇಂಥ ಕಡೆಗೆ ಸ್ಥಳಾಂತರಗೊಂಡಿದೆ' ಎಂದು ಬಾಗಿಲಿಗೊಂದು ಚೀಟಿ ಅಂಟಿಸಿ ಹೋಗುತ್ತಾನೆ, ಮಾಲೀಕನೂ ಕೆಲವು ದಿನ ಅದನ್ನು ಕೀಳುವುದಿಲ್ಲ. ಮನೆ ಬದಲಿಸಿದವರು ಅರ್ಜಿ ಕೊಟ್ಟರೆ ಅಂಚೆ ಇಲಾಖೆ ಪತ್ರಗಳನ್ನು ಹೊಸ ಮನೆಗೆ ತಿರುಗಿಸುತ್ತದೆ. ವೆಬ್‌ನಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವೇ ಇದೆ. ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂದು ಹೇಳುವ 301 ಎಂಬ ಉತ್ತರವನ್ನು ಪ್ರತಿ ಬ್ರೌಸರೂ ಅರ್ಥಮಾಡಿಕೊಂಡು ಬಳಕೆದಾರನನ್ನು ಸದ್ದಿಲ್ಲದೆ ಹೊಸ ಜಾಗಕ್ಕೆ ಒಯ್ಯುತ್ತದೆ. ತಾಂತ್ರಿಕವಾಗಿ ನಮ್ಮ ಬೇಡಿಕೆ ದೊಡ್ಡದಾಗಿರಲಿಲ್ಲ.

ಹನ್ನೊಂದು ದಿನಗಳ ನಂತರ ಮೂರಕ್ಕೂ ಒಂದೇ ಉತ್ತರ ಬಂತು. ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸಿದ್ದೇವೆ.

ಸಂಸ್ಥೆಗಳ ಕಡೆಯ ನ್ಯಾಯ

ಇಂಥ ಸೌಲಭ್ಯಗಳನ್ನು ಸಂಸ್ಥೆಗಳು ಹುಡುಗಾಟಕ್ಕೆ ತೆಗೆಯುವುದಿಲ್ಲ. ಯಾರು ಬೇಕಾದರೂ ತೆರೆಯಬಹುದಾದ ನೇರ ಲಿಂಕ್ ಎಂದರೆ ವಂಚಕರಿಗೂ ಅಷ್ಟೇ ಅನುಕೂಲ. ಬ್ಯಾಂಕಿನ ಪುಟವನ್ನು ಹೋಲುವ ನಕಲಿ ಪುಟ, ವೈರಸ್ ತುಂಬಿದ ಫೈಲ್, ಕದ್ದ ಸಿನಿಮಾ ಎಲ್ಲವನ್ನೂ ಹೆಸರಾಂತ ಸಂಸ್ಥೆಯ ವಿಳಾಸದ ಮರೆಯಲ್ಲಿ ಹಂಚಬಹುದು. ಅದನ್ನು ಕಂಡ ಬ್ರೌಸರುಗಳು ಆ ವಿಳಾಸವನ್ನೇ ಅನುಮಾನಿಸತೊಡಗಿದರೆ ಸಂಸ್ಥೆಯ ಉಳಿದೆಲ್ಲ ಗ್ರಾಹಕರಿಗೂ ತೊಂದರೆ. ಒಂದೇ ಫೈಲನ್ನು ಲಕ್ಷ ಜನ ತೆರೆದರೆ ಆ ದತ್ತಾಂಶ ಹೊರಹೋಗುವ ಖರ್ಚೂ ಸಂಸ್ಥೆಯದೇ.

ನಮ್ಮ ಪ್ರಕರಣದ ಸಂಸ್ಥೆಗೆ ಸಂಬಂಧವಿಲ್ಲದ, ಎಲ್ಲರಿಗೂ ತಿಳಿದಿರುವ ಕೆಲವು ಉದಾಹರಣೆಗಳನ್ನು ನೋಡಬಹುದು. ಗೂಗಲ್ ಡ್ರೈವ್‌ನಲ್ಲಿ ವೆಬ್ ಪುಟಗಳನ್ನು ಇಟ್ಟು ತೋರಿಸುವ ಸೌಲಭ್ಯವಿತ್ತು, ಒಂದು ವರ್ಷದ ಮುನ್ಸೂಚನೆಯ ನಂತರ 2016ರ ಆಗಸ್ಟ್ 31ಕ್ಕೆ ಅದು ನಿಂತಿತು. ಡ್ರಾಪ್‌ಬಾಕ್ಸ್‌ನ ಪಬ್ಲಿಕ್ ಫೋಲ್ಡರ್ ಉಚಿತ ಬಳಕೆದಾರರಿಗೆ 2017ರ ಮಾರ್ಚ್ 15ರಂದೂ ಹಣ ಕೊಡುವವರಿಗೆ ಅದೇ ವರ್ಷದ ಸೆಪ್ಟೆಂಬರ್ 1ರಂದೂ ಸಾಮಾನ್ಯ ಫೋಲ್ಡರ್ ಆಯಿತು, ಅದರ ಹಳೆಯ ಲಿಂಕುಗಳೆಲ್ಲ ಕೆಲಸ ನಿಲ್ಲಿಸಿದವು. ಮೊಝಿಲ್ಲಾದ ಫೈರ್‌ಫಾಕ್ಸ್ ಸೆಂಡ್ ದುರ್ಬಳಕೆಯ ಕಾರಣಕ್ಕೆ 2020ರ ಜುಲೈನಲ್ಲಿ ತಡೆಹಿಡಿಯಲ್ಪಟ್ಟು ಸೆಪ್ಟೆಂಬರಿನಲ್ಲಿ ಪೂರ್ತಿ ಮುಚ್ಚಿತು. ಅಮೆಜಾನ್ ಡ್ರೈವ್ 2023ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು.

ಇವುಗಳಿಗಿಂತ ನಮಗೆ ಹೆಚ್ಚು ಉಪಯುಕ್ತವಾದದ್ದು ಗೂಗಲ್‌ನ ಲಿಂಕ್ ಕಿರಿದಾಗಿಸುವ ಸೇವೆಯ ಕಥೆ. 2019ರ ಮಾರ್ಚ್‌ನಲ್ಲೇ ಹೊಸ ಲಿಂಕುಗಳನ್ನು ಮಾಡುವುದನ್ನು ಅದು ನಿಲ್ಲಿಸಿತ್ತು. ಹಳೆಯ ಲಿಂಕುಗಳೂ 2025ರ ಆಗಸ್ಟ್ 25ಕ್ಕೆ ನಿಲ್ಲುತ್ತವೆ ಎಂದು 2024ರಲ್ಲಿ ಪ್ರಕಟಿಸಿತು. ಗಡುವಿಗೆ ಕೆಲವೇ ವಾರಗಳಿರುವಾಗ ನಿಲುವು ಬದಲಿಸಿ, ಜನ ಇನ್ನೂ ಬಳಸುತ್ತಿರುವ ಲಿಂಕುಗಳನ್ನು ಉಳಿಸುತ್ತೇವೆ, ಬಳಕೆಯಿಲ್ಲದವನ್ನು ಮಾತ್ರ ತೆಗೆಯುತ್ತೇವೆ ಎಂದಿತು. ದಾಖಲೆಗಳಲ್ಲಿ, ಪುಟಗಳಲ್ಲಿ ಹರಡಿಹೋದ ಲಿಂಕುಗಳನ್ನು ಅವುಗಳ ಒಡೆಯರೇ ಹುಡುಕಿ ಬದಲಿಸಲಾರರು ಎಂಬ ವಾಸ್ತವಕ್ಕೆ ಅದು ತಲೆಬಾಗಿದ ಹಾಗೆ ನನಗೆ ಕಾಣುತ್ತದೆ. ಬಳಕೆಯಲ್ಲಿರುವ ವಿಳಾಸ ಯಾವುದು, ಸತ್ತದ್ದು ಯಾವುದು ಎಂಬುದು ಸಂಸ್ಥೆಯ ಸರ್ವರಿಗೆ ತಿಳಿದೇ ಇರುತ್ತದೆ. ನಮ್ಮ 48 ವಿಳಾಸಗಳು ಪ್ರತಿ ಸಂಜೆ ಐದರಿಂದ ಎಂಟರವರೆಗೆ ತೆರೆಯಲ್ಪಡುತ್ತಿದ್ದವು ಎಂಬುದನ್ನು ನೋಡಲು ಯಾರಾದರೂ ಮನಸ್ಸು ಮಾಡಿದ್ದರೆ ಸಾಕಿತ್ತು.

ಕಾನೂನಿನ ಮಾತು

ಪ್ರಕಾಶಕರು ಗ್ರಾಹಕ ಆಯೋಗಕ್ಕೆ ಹೋಗುವ ಯೋಚನೆಯನ್ನು ಗಂಭೀರವಾಗಿಯೇ ಮಾಡಿದ್ದರು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಉಚಿತವಾಗಿ ಕೊಟ್ಟ ಸೇವೆಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುವುದಿಲ್ಲ. ಚಂದಾ ಕಟ್ಟಿದ್ದ ಅವರ ವಿವೇಕ ಇಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಬಂತು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಗೂ ಕಾಯ್ದೆ ಅನ್ವಯಿಸುವುದಿಲ್ಲವಾದರೂ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ವಸ್ತುಗಳಿಗೆ ವಿನಾಯಿತಿಯಿದೆ, ಸೇವೆಗಳ ಬಗ್ಗೆ ಅದು ಸ್ಪಷ್ಟವಾಗಿ ಹೇಳುವುದಿಲ್ಲ. ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ಸೇವೆಗೆ ಶುಲ್ಕವಿಲ್ಲ, ಎರಡು ವರ್ಷದ ಕಾಲಮಿತಿಯಿದೆ. ಎದುರು ಪಕ್ಷ ಯಾವ ಖಂಡದಲ್ಲಿದ್ದರೂ ಪ್ರಕರಣ ಮೈಸೂರಿನಲ್ಲೇ ನಡೆಯಬಹುದೆಂಬುದು ಅವರಿಗೆ ಬಹಳ ಹಿಡಿಸಿತ್ತು.

ಪರಿಚಯದ ವಕೀಲರು ಎಲ್ಲವನ್ನೂ ಓದಿ, ಒಪ್ಪಂದದ ಷರತ್ತುಗಳಲ್ಲಿ ಯಾವುದೇ ಸೌಲಭ್ಯವನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕನ್ನು ಸಂಸ್ಥೆ ಕಾದಿರಿಸಿಕೊಂಡಿದೆ, ಇಂಥ ಏಕಪಕ್ಷೀಯ ಷರತ್ತನ್ನು ಪ್ರಶ್ನಿಸಲು ಕಾಯ್ದೆಯಲ್ಲಿ ದಾರಿ ಇದೆ, ಆದರೆ ಗೆದ್ದರೂ ಸಿಗುವುದು ಹಣವೇ ಹೊರತು ಆ ವಿಳಾಸಗಳಲ್ಲ ಎಂದರು. ಪ್ರಕಾಶಕರು ಒಂದು ದಿನ ಯೋಚಿಸಿ ಕಡತವನ್ನು ಕಟ್ಟಿಟ್ಟರು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿದ್ದು ಮಾತ್ರ ಉಳಿಯಿತು. ಉಳಿದ ತಿಂಗಳುಗಳ ಚಂದಾ ಹಣವನ್ನು ಸಂಸ್ಥೆ ಮರಳಿಸಿದ್ದು ಅದರ ನಂತರ.

ಅಂಟಿನ ಭಾನುವಾರ

ಪರಿಹಾರದ ಬಗ್ಗೆ ಮೊದಲು ಹೊಳೆದದ್ದು ಹಳೆಯ ಕೋಡುಗಳ ಮೇಲೆ ಹೊಸ ಕೋಡುಗಳನ್ನು ಅಂಟಿಸುವುದು. ಅಟ್ಟದ ಮೇಲಿನ ನಾನೂರು ಪ್ರತಿಗಳಿಗೇ 19,200 ಚೀಟಿಗಳು ಬೇಕು ಎಂದು ಲೆಕ್ಕ ಹಾಕಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಕೋಡಿನ ಹಿಂದಿನ ವಿಳಾಸವನ್ನು ಬೇಕೆಂದಾಗ ಬದಲಿಸಿಕೊಡುವ ಸೇವೆಗಳಿವೆ ಎಂದು ಒಬ್ಬರು ಸೂಚಿಸಿದರು. ಅವುಗಳ ಚಂದಾ ನಿಂತರೆ ಕೋಡೂ ನಿಲ್ಲುತ್ತದೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವುದು ಬೇಡ ಎಂದು ನಾನು ಹೇಳಿದೆ. ಕೊನೆಗೆ ಪ್ರಕಾಶಕರ ಹೆಸರಿನಲ್ಲೇ, ಅವರದೇ ಇಮೇಲಿನಿಂದ, ಅವರದೇ ಫೋನ್ ನಂಬರಿನಿಂದ ಒಂದು ಡಾಟ್ ಇನ್ ಡೊಮೇನ್, ಅಂದರೆ ಸ್ವಂತದ ಒಂದು ವೆಬ್ ಹೆಸರು, ಕೊಂಡೆವು. ಅದಕ್ಕೂ ವರ್ಷ ವರ್ಷ ಬಾಡಿಗೆ ಕಟ್ಟಬೇಕೆಂಬುದು ನಿಜ, ಆದರೆ ಹೆಸರು ನಮ್ಮದು. ಹಿಂದೆ ಫೈಲುಗಳನ್ನು ಎಲ್ಲಿಟ್ಟರೂ ಎದುರಿನ ವಿಳಾಸ ಬದಲಾಗುವುದಿಲ್ಲ. ಒಂದೇ ಪುಟ ಮಾಡಿ ಅದರಲ್ಲಿ 1ರಿಂದ 48ರವರೆಗಿನ ಅಂಕಿಗಳನ್ನು ಹೆಬ್ಬೆರಳಿನಗಲದ ಗುಂಡಿಗಳಾಗಿ ಜೋಡಿಸಿದೆವು. ಪಾಠದ ಅಂಕಿ ಒತ್ತಿದರೆ ಹಾಡು ಕೇಳುತ್ತದೆ. ಪುಟದಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರವೂ ಇರಬಾರದೆಂಬುದು ಶಿಕ್ಷಕಿಯ ಷರತ್ತು.

ಆ ಪುಟದ ಕೋಡನ್ನು ಚೀಟಿಗಳಲ್ಲಿ ಅಚ್ಚು ಹಾಕಿಸಿ, ಒಂದು ಭಾನುವಾರ ಶಿಕ್ಷಕಿಯ ಮನೆಯ ಹಜಾರದಲ್ಲಿ ಚಾಪೆ ಹಾಸಿ ಅಂಟಿಸಲು ಕುಳಿತೆವು. ಸಂಗೀತದ ಮಕ್ಕಳಲ್ಲಿ ಐದಾರು ಮಂದಿ ಬಂದಿದ್ದರು. ಒಬ್ಬಳು ಮುಖಪುಟ ತೆರೆದು ಹಿಡಿಯುವುದು, ಒಬ್ಬ ಹಿಂಬದಿಯ ಕಾಗದ ಸುಲಿಯುವುದು, ಪ್ರಕಾಶಕರು ಅಡಿಪಟ್ಟಿ ಇಟ್ಟು ನೇರವಾಗಿ ಅಂಟಿಸುವುದು. ಮೂವತ್ತು ಪ್ರತಿ ಆಗುವಷ್ಟರಲ್ಲಿ ಅಡಿಪಟ್ಟಿ ಪಕ್ಕಕ್ಕೆ ಹೋಯಿತು, ಚೀಟಿಗಳು ಸ್ವಲ್ಪ ಓರೆಯಾಗತೊಡಗಿದವು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಕೊಟ್ಟ ಕೆಲಸ ಪ್ರತಿ ಇಪ್ಪತ್ತನೆಯ ಪುಸ್ತಕದ ಕೋಡನ್ನು ಫೋನಿನಲ್ಲಿ ಹಿಡಿದು ನೋಡುವುದು. ಅವನು ಪ್ರತಿ ಸಲವೂ ಒಂದನೆಯ ಪಾಠವನ್ನೇ ಒತ್ತುತ್ತಿದ್ದುದರಿಂದ ಆ ಮಧ್ಯಾಹ್ನವೆಲ್ಲ ಸರಳೆ ವರಸೆಯ ಮೊದಲ ಸಾಲು ಇಪ್ಪತ್ತು ಸಲ ಕೇಳಿಸಿತು, ಆರೇಳನೆಯ ಸಲದಿಂದ ಮಕ್ಕಳೆಲ್ಲ ಚೀಟಿ ಸುಲಿಯುತ್ತಲೇ ಅದರ ಜತೆಗೆ ಹಾಡತೊಡಗಿದರು. ಶಿಕ್ಷಕಿ ಅಡುಗೆಮನೆಯಿಂದಲೇ ಧೈವತ ಏರುತ್ತಿದೆ ಎಂದು ಕೂಗಿ ತಿದ್ದುತ್ತಿದ್ದರು.

ಮಾರಾಟವಾದ ಆರುನೂರು ಪ್ರತಿಗಳ ವಿಷಯ ಅಷ್ಟು ಸುಲಭವಾಗಲಿಲ್ಲ. ಯಾರು ಕೊಂಡರೆಂಬ ಪಟ್ಟಿ ಪ್ರಕಾಶಕರ ಬಳಿ ಇರಲಿಲ್ಲ, ಪುಸ್ತಕದ ಅಂಗಡಿಗಳಲ್ಲಿ ಯಾರ ಬಳಿಯೂ ಇರುವುದಿಲ್ಲ. ಗೊತ್ತಿದ್ದ ಶಿಕ್ಷಕಿಯರ ವಾಟ್ಸಾಪ್ ಗುಂಪುಗಳಿಗೆ ವಿಳಾಸ ಕಳುಹಿಸಿದರು, ಕೇಳಿದವರಿಗೆ ಚೀಟಿಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರು. ಮಂಡ್ಯದ ಅಜ್ಜಿಗೆ ಎರಡು ಚೀಟಿಗಳನ್ನೂ ಎರಡನೆಯ ಪ್ರತಿಯ ಹಣವನ್ನೂ ಪ್ರಕಾಶಕರೇ ಹೋಗಿ ಕೊಟ್ಟುಬಂದರು. ಅಜ್ಜಿ ಹಣ ತೆಗೆದುಕೊಳ್ಳಲಿಲ್ಲವಂತೆ, ಆ ಪ್ರತಿಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಾಗಿತ್ತು.

ಎರಡನೆಯ ಮುದ್ರಣ ಈಗ ಅಚ್ಚಿನಲ್ಲಿದೆ. ಅದರ 48 ಕೋಡುಗಳೂ ಪ್ರಕಾಶಕರ ಸ್ವಂತ ಡೊಮೇನಿಗೇ ಹೋಗುತ್ತವೆ, ಪ್ರತಿ ಕೋಡಿನ ಕೆಳಗೆ ಆ ವಿಳಾಸ ಓದಬಹುದಾದ ಅಕ್ಷರಗಳಲ್ಲೂ ಇದೆ. ಮೊದಲ ಮುದ್ರಣದ ಹಿಂಬದಿಯಲ್ಲಿದ್ದ, 0821ರಿಂದ ಆರಂಭವಾಗುವ ಸ್ಥಿರ ದೂರವಾಣಿಯ ನಂಬರನ್ನು ತೆಗೆಯೋಣವೇ ಎಂದು ಮುದ್ರಣಾಲಯದವರು ಕೇಳಿದಾಗ ಪ್ರಕಾಶಕರು ಬೇಡವೆಂದರು. ತಿಂಗಳಿಗೆ ಒಂದೆರಡು ಬಾರಿ ಅದು ಈಗಲೂ ಹೊಡೆದುಕೊಳ್ಳುತ್ತದೆ. ಹುಣಸೂರಿನಿಂದಲೋ ಕೆ.ಆರ್. ಪೇಟೆಯಿಂದಲೋ ಯಾರೋ ಹಾಡು ಬರುತ್ತಿಲ್ಲ ಎನ್ನುತ್ತಾರೆ. ಫೋನಿನ ಪಕ್ಕದ ಗೋಡೆಗೆ ಅಂಟಿಸಿರುವ ಚೀಟಿಯನ್ನು ನೋಡಿ ಪ್ರಕಾಶಕರು ಹೊಸ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಬರೆಸುತ್ತಾರೆ.